ಬೆರಿಲ್ ಬರೆಯುವ ಸಾವಿನ ಹಲಗೆ

ಫೆಬ್ರವರಿ ಕೊನೆಯ ಗುರುವಾರ, ಬೆಳಗಿನ ಆರೂಮುಕ್ಕಾಲು. ಉತ್ತರದ ಕಿಟಕಿಗೆ ಇನ್ನೂ ಪೂರ್ತಿ ಬೆಳಕು ಬಂದಿಲ್ಲ, ಬೆರಿಲ್ ಸ್ಪಿಂಕ್ಸ್ ಆಗಲೇ ಕುಂಚ ಹಿಡಿದು ನಿಂತಿದ್ದಾರೆ. ವಯಸ್ಸು ಎಪ್ಪತ್ತೊಂದು. ಮೈಮೇಲೆ ತೀರಿಕೊಂಡ ಗಂಡನ ಸ್ವೆಟರು, ಬೆರಳ ಗಂಟುಗಳಲ್ಲಿ ಸಂಧಿವಾತ. ಎದುರಿಗೆ ಮೂಲೆಯ ಮೇಲೆ ನಿಲ್ಲಿಸಿದ ಐದಡಿಯ ಚೌಕ ಹಲಗೆ. ಅದರ ನಡುವೆ ಸಾಲ್ಟ್‌ಮೀರ್ ಅರ್ಲ್ ಎಂಬ ಸರದಾರ ಪದವಿಯ ಮನೆತನದ ಲಾಂಛನ ಹೊಳೆಯುತ್ತಿದೆ. ಎಲ್ಲ ಮುಗಿದಿದೆ, ಹಿನ್ನೆಲೆಯಲ್ಲಿ ಬಲಗಡೆ ಕೆಳಗಿನ ಕಾಲುಭಾಗ ಮಾತ್ರ ಬರೀ ಮರ. ಅದಕ್ಕೆ ಕಪ್ಪು ಬಳಿಯಬೇಕೋ ಬಿಳಿ ಬಳಿಯಬೇಕೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

"ಹನ್ನೆರಡರೊಳಗೆ ಬಳೀಲೇಬೇಕು ನೋಡಮ್ಮಾ," ಅನ್ನುತ್ತಾರೆ ಬೆರಿಲ್, ಅವರ ಕಸುಬಿನ ಬಗ್ಗೆ ಬರೆಯಲು ಬಂದಿರುವ ನನ್ನ ಕಡೆ ತಿರುಗದೆ. "ಇಲ್ದಿದ್ರೆ ಶನಿವಾರಕ್ಕೆ ಒಣಗಲ್ಲ. ಹಸಿ ಹಲಗೇನ ಗೋಡೆಗೆ ಏರ್ಸಕ್ಕಾಗತ್ತಾ?"

ಶನಿವಾರ ಹನ್ನೊಂದಕ್ಕೆ ಹಳೆಯ ಅರ್ಲ್‌ನ ಅಂತ್ಯಕ್ರಿಯೆ. ಈ ಮನೆಯ ಯಜಮಾನ ಸತ್ತರೆ ಚರ್ಚಿನ ಗೋಡೆಗೊಂದು ಸಾವಿನ ಹಲಗೆ ಏರಬೇಕು. ಅದರಲ್ಲಿ ಒಂದಕ್ಷರವೂ ಇರುವುದಿಲ್ಲ, ಆದರೂ ಊರಿನವರೆಲ್ಲ ಓದುತ್ತಾರೆ. ನೋಡುವವರ ಎಡಕ್ಕೆ ಗಂಡನ ಪಾಲು, ಬಲಕ್ಕೆ ಹೆಂಡತಿಯ ಪಾಲು. ಸತ್ತವರಿಗೆ ಕಪ್ಪು, ಬದುಕಿದ್ದವರಿಗೆ ಬಿಳಿ. ಇಬ್ಬರು ಹೆಂಡಿರಾದರೆ ಮೊದಲನೆಯವಳು ಮೇಲೆ, ಎರಡನೆಯವಳು ಕೆಳಗೆ. ಬೆರಿಲ್‌ಗೆ ಅವರಪ್ಪ ಕಲಿಸಿದ ಕ್ರಮ ಇದು.

ಮೊದಲ ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಯಿತು. ಎರಡು ವರ್ಷದ ಹಿಂದೆ, ಎಪ್ಪತ್ತೊಂಬತ್ತರ ಅರ್ಲ್ ಯಾರಿಗೂ ಹೇಳದೆ ಸಿಲ್ವಿಯಾ ಲಾರ್ಟರ್ ಎಂಬಾಕೆಯನ್ನು ನೋಂದಣಿ ಕಚೇರಿಯಲ್ಲಿ ಮದುವೆಯಾದ. ಸಿಲ್ವಿಯಾ ಅರ್ಲ್‌ನ ಬಂಗಲೆಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ಬೇಯಿಸಿ ಬಡಿಸಿದವಳು. ಸಾಕ್ಷಿಗಳು ಇಬ್ಬರು. ಒಬ್ಬ ಬಂಗಲೆಯ ತೋಟಗಾರ, ಹೋದ ವರ್ಷ ತೀರಿಕೊಂಡ. ಇನ್ನೊಬ್ಬರು ಬೆರಿಲ್.

ಈಗ ಪಟ್ಟಕ್ಕೆ ಬಂದಿರುವವನು ಮೊದಲ ಹೆಂಡತಿಯ ಮಗ. ಅವನ ಕಡೆಯಿಂದ ಎಸ್ಟೇಟಿನ ಮೇಲ್ವಿಚಾರಕ ಕ್ರಿಸ್ಪಿನ್ ಡೇಡ್ ತಂದ ಅಪ್ಪಣೆ ಎರಡೇ ಪದ: ಪೂರ್ತಿ ಕಪ್ಪು. ಮದುವೆ ಸುಳ್ಳೆಂದು ಯಾರೂ ಹೇಳುತ್ತಿಲ್ಲ. ಅದು ಕಾಣಬಾರದು, ಅಷ್ಟೇ. ಬಿಳಿ ಕಂಡರೆ ವಿಧವೆಯೊಬ್ಬಳು ಬದುಕಿದ್ದಾಳೆ ಎಂದಾಯಿತು. ವಿಧವೆ ಇದ್ದಾಳೆಂದ ಮೇಲೆ ಅವಳನ್ನು ಚರ್ಚಿನಲ್ಲಿ ಮನೆಯವರ ಜೊತೆ ಮುಂದಿನ ಬೆಂಚಿನಲ್ಲಿ ಕೂರಿಸಬೇಕು.

ಋಷಿಮೂಲ, ನದೀಮೂಲ ಹುಡುಕಬಾರದು ಅನ್ನುತ್ತಾರೆ. ಆ ಪಟ್ಟಿಗೆ ಅರ್ಲ್‌ಮೂಲವನ್ನೂ ಸೇರಿಸಬಹುದು. ಈ ವಂಶದ ಲಾಂಛನದಲ್ಲಿ ರಾಜಮನೆತನದ ಸಿಂಹಗಳಿವೆ, ಅವುಗಳ ಮೇಲೊಂದು ಓರೆಕೋಲು ಅಡ್ಡ ಬಿದ್ದಿದೆ. ಮುನ್ನೂರೈವತ್ತು ವರ್ಷದ ಹಿಂದೆ ದೊರೆಯೊಬ್ಬ ಮದುವೆಯಾಗದ ಹೆಣ್ಣಿನಲ್ಲಿ ಪಡೆದ ಮಗನೇ ಮೊದಲ ಅರ್ಲ್, ಆ ಕೋಲು ಅದರ ಗುರುತು. ಹದಿನಾಲ್ಕು ತಲೆಮಾರಿನಿಂದ ಅದನ್ನು ಬೆಳ್ಳಿ ಚಮಚದ ಮೇಲೂ ಕೆತ್ತಿಸಿಕೊಂಡು ಮೆರೆದವರು ಇವರು. ತಾಳಿಯಿಲ್ಲದ ಸಂಬಂಧ ಹೆಮ್ಮೆಯಂತೆ, ಸಹಿ ಹಾಕಿ ಕಟ್ಟಿಕೊಂಡ ಹೆಂಡತಿ ನಾಚಿಕೆಯಂತೆ! ನನಗೆ ಸಿಟ್ಟು ಬರುತ್ತದೆ. ಬೆರಿಲ್‌ಗೆ ನಗು ಬರುತ್ತದೆ. "ಆ ಕೋಲಿಗೆ ನಾಲ್ಕು ಸಲ ಬಣ್ಣ ಎಳೀಬೇಕು ಕಣಮ್ಮಾ. ದಪ್ಪ ಆಗ್ಬಾರ್ದು, ಮರೆನೂ ಆಗ್ಬಾರ್ದು."

ನಲವತ್ತನಾಲ್ಕು ವರ್ಷದ ಕಸುಬು ಇದು. ಈವರೆಗೆ ಬರೆದದ್ದು ಹನ್ನೊಂದು ಸಾವಿನ ಹಲಗೆ, ನಾನೂರಕ್ಕೂ ಮಿಕ್ಕಿ ಪಬ್ಬುಗಳ ಬೋರ್ಡು. ಬಂಗಲೆಯ ಹಜಾರದಲ್ಲಿರುವ ವಂಶವೃಕ್ಷಕ್ಕೆ ಹುಟ್ಟು, ಮದುವೆ, ಸಾವುಗಳನ್ನು ಸೇರಿಸುವವರೂ ಇವರೇ. ಸಿಲ್ವಿಯಾಳ ಹೆಸರು ಸೇರಿಸಿ ಎಂಬ ಮಾತು ಮಾತ್ರ ಈ ಎರಡು ವರ್ಷದಲ್ಲಿ ಬರಲೇ ಇಲ್ಲ. ಒಂದು ಸಿಂಹದ ಜೂಲಿಗೆ ಹದಿನಾಲ್ಕು ಗಂಟೆ ಹಿಡಿಯುತ್ತದೆ. ಚಳಿಗಾಲದಲ್ಲಿ ಬೆರಳು ಬಗ್ಗಲೆಂದು ಬೆಳಿಗ್ಗೆ ಚಹಾದ ಲೋಟವನ್ನು ಕಾಲು ಗಂಟೆ ಹಿಡಿದು ಕೂರುತ್ತಾರೆ. ಬರೆದವರ ಹೆಸರು ಹಲಗೆಯ ಹಿಂದೆ ಇರುತ್ತದೆ, ಗೋಡೆಗೆ ಒತ್ತಿಕೊಂಡು.

ಇದಕ್ಕಿಂತ ದೊಡ್ಡ ತೊಡಕೊಂದಿದೆ. ಬೆರಿಲ್ ಕೆಲಸ ಮಾಡುವ ಈ ಹಳೆಯ ಕುದುರೆ ಲಾಯ ಎಸ್ಟೇಟಿನದು. ಇಲ್ಲಿನ ಗುತ್ತಿಗೆಗಳೆಲ್ಲ ಬದಲಾಗುವುದು ಮಾರ್ಚ್ ಇಪ್ಪತ್ತೈದಕ್ಕೆ, ಲೇಡಿ ಡೇ ದಿನ. ಅದಕ್ಕೆ ಉಳಿದಿರುವುದು ನಾಲ್ಕು ವಾರ. ನೀರಿನಲ್ಲಿದ್ದು ಮೊಸಳೆಯ ಜೊತೆ ಹಗೆತನ ಕಟ್ಟಿಕೊಳ್ಳುವುದು ಹೇಗೆ?

ಹನ್ನೊಂದೂವರೆಗೆ ಡೇಡ್ ಮತ್ತೆ ಬರುತ್ತಾನೆ. ಬೆಳಗಿನಿಂದ ಇದು ಎರಡನೆಯ ಸಲ. ಖಾಲಿ ಜಾಗ ನೋಡಿ ಅವನ ಮುಖ ಬಿಗಿಯುತ್ತದೆ.

"ಇನ್ನೂ ಬಳಿದಿಲ್ವಾ ಮಿಸೆಸ್ ಸ್ಪಿಂಕ್ಸ್?"

"ಯಾವ ಬಣ್ಣ ಅಂತ ಯೋಚ್ನೆ ಮಾಡ್ತಿದ್ದೆ."

"ಯೋಚ್ನೆ ಮಾಡೋದೇನಿದೆ? ಆಕೆಗೆ ಸಿಗಬೇಕಾದ್ದು ಕಾನೂನು ಪ್ರಕಾರ ಸಿಗತ್ತೆ. ಇದು ಬರೀ ಬಣ್ಣ."

"ಬರೀ ಬಣ್ಣ ಆದ್ರೆ ಎರಡೆರಡು ಸಲ ಯಾಕ್ರೀ ಓಡಿ ಬಂದ್ರಿ?"

ಡೇಡ್ ದನಿ ತಗ್ಗಿಸುತ್ತಾನೆ. "ಲೇಡಿ ಡೇ ಹತ್ರ ಬರ್ತಿದೆ. ಮರೀಬೇಡಿ."

"ಅದು ಪ್ರತಿ ವರ್ಷ ಬರತ್ತಲ್ಲ." ಬೆರಿಲ್ ಕಪ್ಪು ಬಣ್ಣದ ಡಬ್ಬಿಯ ಮುಚ್ಚಳ ತೆಗೆದು, ಕುಂಚವನ್ನು ಅದ್ದಿ, ಹಿಡಿಯ ಕಡೆಯಿಂದ ಅವನತ್ತ ಚಾಚುತ್ತಾರೆ. "ತಗೊಳ್ಳಿ, ನೀವೇ ಬಳೀರಿ. ನಾನು ತಡೆಯಲ್ಲ. ಹಲಗೆ ಹಿಂದೆ ಮಾತ್ರ ಇದ್ದದ್ದು ಇದ್ದ ಹಾಗೆ ಬರೀತೀನಿ. ಮುಕ್ಕಾಲು ಬೆರಿಲ್ ಸ್ಪಿಂಕ್ಸ್ ಬರೆದಿದ್ದು, ಕಾಲುಭಾಗ ಕ್ರಿಸ್ಪಿನ್ ಡೇಡ್ ಬಳಿದಿದ್ದು ಅಂತ."

ಕಪ್ಪು ಹನಿಯೊಂದು ಅವನ ಬೂಟಿನ ಪಕ್ಕಕ್ಕೆ ಬೀಳುತ್ತದೆ. ಡೇಡ್ ಕುಂಚದ ಕಡೆ ಕೈ ಎತ್ತುತ್ತಾನೆ, ಅರ್ಧಕ್ಕೆ ನಿಲ್ಲಿಸುತ್ತಾನೆ, ಆ ಕೈಯನ್ನು ಕೋಟಿನ ಜೇಬಿಗೆ ಇಳಿಸುತ್ತಾನೆ. ಹೊರಟುಹೋಗುತ್ತಾನೆ.

ಅವನ ಕಾರು ಮರೆಯಾದ ಮೇಲೆ ಬೆರಿಲ್ ಸ್ಟೂಲಿನ ಮೇಲೆ ಕುಸಿದು ಕೂರುತ್ತಾರೆ. ಬಣ್ಣ ಮೆತ್ತಿದ ಕೈಯನ್ನು ಚಿಂದಿಗೆ ಒರೆಸಿಕೊಳ್ಳುತ್ತಾರೆ. "ಹೆದರಿಕೆ ಆಗ್ದೆ ಇರತ್ತಾ? ಲಾಯ ಹೋದ್ರೆ ಈ ವಯಸ್ಸಲ್ಲಿ ಎಲ್ಲಿಗೆ ಹೋಗ್ಲಿ? ಆದ್ರೆ ಆ ಮದುವೆಗೆ ಸಾಕ್ಷಿ ಸಹಿ ಹಾಕಿದ್ದು ಇದೇ ಕೈ ಕಣಮ್ಮಾ." ಹನ್ನೆರಡಕ್ಕೆ ಹತ್ತು ನಿಮಿಷವಿದೆ ಅನ್ನುವಾಗ ಎದ್ದು ಬೇರೆ ಕುಂಚ ತೆಗೆದುಕೊಳ್ಳುತ್ತಾರೆ. ಬಿಳಿ ಬಳಿಯುತ್ತಾರೆ.

ಶನಿವಾರ ಚರ್ಚು ತುಂಬಿದೆ. ಹಲಗೆಯೇ ಇಲ್ಲದೆ ಗೋಡೆ ಖಾಲಿ ಬಿಟ್ಟರೆ ಇನ್ನಷ್ಟು ಮಾತು ಹುಟ್ಟುತ್ತಿತ್ತು, ಹಾಗಾಗಿ ಬಂಗಲೆಯವರು ಅದನ್ನು ಏರಿಸುವುದನ್ನು ತಡೆದಿಲ್ಲ. ಒಳಗೆ ಬಂದವರೆಲ್ಲ ಮೊದಲು ತಲೆ ಎತ್ತಿ ಹಲಗೆ ನೋಡುತ್ತಾರೆ, ಆಮೇಲೆ ಕೊನೆಯ ಸಾಲಿನಲ್ಲಿ ಅಡುಗೆಯವರ ಜೊತೆ ಕುಳಿತ ಸಿಲ್ವಿಯಾಳನ್ನು ನೋಡುತ್ತಾರೆ. ಚರ್ಚಿನ ಮೇಲ್ವಿಚಾರಣೆಯ ಮುದುಕ ಹ್ಯೂಬರ್ಟ್ ಮುಂದಿನ ಬೆಂಚಿನ ಚಿಕ್ಕ ಬಾಗಿಲು ತೆರೆದು, ಅದನ್ನು ಹಿಡಿದು ನಿಂತುಬಿಡುತ್ತಾನೆ. ಪಾದ್ರಿ ಕಾಯುತ್ತಾನೆ. ಹೊಸ ಅರ್ಲ್‌ನ ಕತ್ತು ಕೆಂಪೇರುತ್ತದೆ. ಕೊನೆಗೆ ಅವನು ತುಸು ಸರಿಯುತ್ತಾನೆ, ಮತ್ತೂ ತುಸು ಸರಿಯುತ್ತಾನೆ. ಸಿಲ್ವಿಯಾ ಎದ್ದು, ಆ ಉದ್ದದ ಹಾದಿಯನ್ನು ಒಬ್ಬಳೇ ನಡೆದು ಬರುತ್ತಾಳೆ.

ಲಾಯದ ವಿಷಯಕ್ಕೆ ಇನ್ನೂ ಯಾವ ಕಾಗದವೂ ಬಂದಿಲ್ಲ. ಬರಬಹುದು, ಬೆರಿಲ್‌ಗೆ ಗೊತ್ತು. ಚರ್ಚಿನ ಹೊರಗೆ ಗಾಳಿಯಲ್ಲಿ ಟೋಪಿ ಹಿಡಿದುಕೊಂಡು ಸಿಲ್ವಿಯಾ ಅವರ ಹತ್ತಿರ ಬರುತ್ತಾಳೆ. ಕಣ್ಣು ಒದ್ದೆಯಾಗಿದೆ.

"ಬೆರಿಲ್, ನಾನು ಹೋದ್ಮೇಲೆ ಆ ಜಾಗಕ್ಕೆ ಕಪ್ಪು ಬಳಿಯೋಕೆ ನೀನೇ ಬರಬೇಕು ಕಣೆ. ಬೇರೆಯವರ ಕೈಲಿ ಮಾಡಿಸ್ಬೇಡ."

"ಯಾರು ಬಳೀತಾರೆ?" ಬೆರಿಲ್ ಗದರುತ್ತಾರೆ. "ಒಂದ್ಸಲ ಗೋಡೆ ಏರಿದ ಹಲಗೇನ ಯಾರೂ ಮುಟ್ಟಂಗಿಲ್ಲ. ನೀನು ಸತ್ರೂ ಅಲ್ಲಿ ಬದುಕೇ ಇರ್ತೀಯ."