ಹಳದಿ ಪೆಟ್ಟಿಗೆಯ ಒಂದು ಪದ

ಹಾರೋಹಳ್ಳಿಯ ಒಂದು ರಬ್ಬರ್ ಕಾರ್ಖಾನೆಗೆ, ವಾಷರು ಬೇಯಿಸುವ ಓವನ್ ನಡೆಸುವ ಕಂಪ್ಯೂಟರ್ ಪ್ರೋಗ್ರಾಂ ಬರೆಯುತ್ತಿದ್ದ ದಿನಗಳಲ್ಲಿ ಕೂತು ಒಂದು ಲೋಟ ಟೀ ಕುಡಿಯುವಷ್ಟೂ ತಾಳ್ಮೆ ನನಗಿರಲಿಲ್ಲ. ಎರಡು ಸಾವಿರದ ಇಸವಿಯ ಆಚೆಯ ಮೊದಲ ವರ್ಷಗಳು. ಬಿಡದಿಯಲ್ಲಿ ನೋಡಿದರೆ ಹೊಸ ಶೆಡ್ಡು, ಹಾರೋಹಳ್ಳಿಯಲ್ಲಿ ನೋಡಿದರೆ ಹೊಸ ಶೆಡ್ಡು. ಇದು ಮುಗಿದರೆ ಬಿಡದಿಯಲ್ಲಿ ಇನ್ನೊಂದು ಕೆಲಸ ಕೊಡಿಸುವುದಾಗಿ ಮ್ಯಾನೇಜರ್ ಹೇಳಿದ್ದರು. ನನ್ನ ಮನಸ್ಸು ಆಗಲೇ ಅಲ್ಲಿಗೆ ಓಡಿಯಾಗಿತ್ತು.

ಹಳೆಯ ಓವನ್ನಿಗೆ ಒಂದು ಹಿಡಿ ಇತ್ತು, ಎಳೆದರೆ ತಟ್ಟೆಗಳು ಹೊರಬರುತ್ತಿದ್ದವು. ಹೊಸದಕ್ಕೆ ಪರದೆಯ ಮೇಲೆ ಬಟನ್ನುಗಳು: ಸ್ಟಾರ್ಟ್, ಹೋಲ್ಡ್, ರಿಲೀಸ್. ತಟ್ಟೆ ಹೊರಬರಲು ರಿಲೀಸ್ ಒತ್ತಬೇಕು. ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲಿ. ಹಳೆಯದನ್ನು ವರ್ಷಗಟ್ಟಲೆ ನಡೆಸಿದ್ದವರು ಕೂಟಗಲ್ ಕಡೆಯ ಆಪರೇಟರ್ ಒಬ್ಬರು. ಏಳನೇ ಕ್ಲಾಸಿನವರೆಗೆ ಓದಿದ್ದರು, ಇಂಗ್ಲಿಷ್ ಬಾರದು. ರಬ್ಬರ್ ಬೆಂದಿದೆಯೋ ಇಲ್ಲವೋ ಎಂದು ವಾಸನೆಯಲ್ಲೇ ಹೇಳುತ್ತಿದ್ದರು. ಅಷ್ಟು ವರ್ಷವೂ ಅವರದು ಗುತ್ತಿಗೆ ಕೆಲಸವೇ. ಹೊಸ ಓವನ್ನಿನ ಟ್ರಯಲ್ ಸರಿಯಾಗಿ ನಡೆಸಿದರೆ ಖಾಯಂ, ಇಲ್ಲದಿದ್ದರೆ ಲಾರಿಗೆ ಪೆಟ್ಟಿಗೆ ಹೇರುವ ಲೋಡಿಂಗ್‌ಗೆ ಎಂದು ಮ್ಯಾನೇಜರ್ ಕಡ್ಡಿ ಮುರಿದಂತೆ ಹೇಳಿದ್ದರು.

"ಬಟನ್ ಮೇಲಿನ ಇಂಗ್ಲಿಷ್ ಮುಟ್ಟಬೇಡಿ, ನೋಡೋಕೆ ಹೊರಗಿನವರು ಬರ್ತಾರೆ" ಎಂದೂ ಅವರೇ ಅಂದಿದ್ದರು. ಸರಿ, ಮೌಸಿನ ಬಾಣ ಬಟನ್ ಮೇಲೆ ನಿಂತರೆ ಪಕ್ಕದಲ್ಲಿ ಹಳದಿ ಪೆಟ್ಟಿಗೆಯೊಂದು ಮೂಡಿ ವಿವರ ಹೇಳುತ್ತದಲ್ಲ, ಟೂಲ್‌ಟಿಪ್, ಅದನ್ನು ಕನ್ನಡದಲ್ಲಿ ಮಾಡುತ್ತೇನೆಂದೆ. ಹೇಳುವಾಗ ಸಲೀಸು. ಮಾಡಲು ಹೋದರೆ ಪೆಟ್ಟಿಗೆಯ ತುಂಬ ಬರೀ ಕೊಕ್ಕೆ, ಪ್ರಶ್ನೆಚಿಹ್ನೆ! ನಮ್ಮ ಫಾಂಟು ಅದಕ್ಕೆ ಒಗ್ಗಲೇ ಇಲ್ಲ. ತಲೆ ಕೆಟ್ಟು ಅದನ್ನು ಕಿತ್ತುಹಾಕಿ ನನ್ನದೇ ಪೆಟ್ಟಿಗೆ ಬರೆದೆ. ಅಕ್ಷರ ದಪ್ಪ ಮಾಡಿದೆ. ಐದು ಸೆಕೆಂಡಿಗೆ ಮಾಯವಾಗುತ್ತಿದ್ದುದನ್ನು, ಅಕ್ಷರ ಕೂಡಿಸಿಕೊಂಡು ಓದುವವರಿಗಾಗಿ, ಬಾಣ ಸರಿಯುವವರೆಗೂ ನಿಲ್ಲಿಸಿದೆ. ಹಳದಿಯನ್ನು ತಿಳಿ ಮಾಡಿದೆ, ಮತ್ತೆ ಗಾಢ ಮಾಡಿದೆ, ಮತ್ತೆ ತಿಳಿ ಮಾಡಿದೆ. ಎಂಟು ದಿನ ಇದೇ ರಂಪ. ಪದಗಳಿಗೆ ಕೊಟ್ಟದ್ದು ಹತ್ತೇ ನಿಮಿಷ. ಡಿಕ್ಷನರಿ ತೆರೆದು ಹೋಲ್ಡ್‌ಗೆ 'ತಡೆಯಿರಿ', ರಿಲೀಸ್‌ಗೆ 'ಬಿಡಿ' ಎಂದು ಹಾಕಿ ಕೈ ತೊಳೆದುಕೊಂಡೆ.

ಟ್ರಯಲ್ ದಿನ ಮ್ಯಾನೇಜರ್ ಮೇಲಿನ ಗಾಜಿನ ಕೋಣೆಯಿಂದ ನೋಡುತ್ತಿದ್ದರು. ರಬ್ಬರ್ ಬೆಂದು ತಟ್ಟೆ ತೆಗೆಯುವ ಹೊತ್ತಾಯಿತು. ಆಪರೇಟರ್ ಬಾಣವನ್ನು ರಿಲೀಸ್ ಮೇಲೆ ತಂದರು, ತುಟಿ ಅಲ್ಲಾಡಿಸುತ್ತ ಓದಿದರು, ಕೈ ತೆಗೆದರು. ಮತ್ತೆ ತಂದರು, ಓದಿದರು, ತೆಗೆದರು. ಟ್ರಯಲಿನಲ್ಲಿ ಹೇಳಿಕೊಡುವಂತಿರಲಿಲ್ಲ, ನಾನು ನಿಂತಲ್ಲಿ ನಿಲ್ಲಲಾರದೆ ಒದ್ದಾಡುತ್ತಿದ್ದೆ. ಸುಟ್ಟ ವಾಸನೆ ಬಂದಾಗ ನುಗ್ಗಿ ನಾನೇ ಒತ್ತಿದೆ. ತಟ್ಟೆಯಲ್ಲಿದ್ದ ವಾಷರುಗಳೆಲ್ಲ ಕರಕಲಾಗಿದ್ದವು.

"ಯಾಕಣ್ಣ ಒತ್ತಲಿಲ್ಲ?" ಎಂದು ರೇಗಿದೆ.

"ನೀವೇ ಬಿಡಿ ಅಂತ ಬರ್ದಿದ್ರಲ್ಲ ಸಾ. ಅದ್ಕೇ ಮುಟ್ದೆ ಬುಟ್ಬುಟ್ಟೆ. ಮೂಗು ತಗೀ ತಗೀ ಅಂತಿತ್ತು. ಓದಿರೋರು ಬರ್ದವ್ರೆ, ಅದೇ ಸರಿ ಇರ್ಬೇಕು ಅಂದ್ಕಂಡೆ."

ಅಯ್ಯೋ ನನ್ನ ಬುದ್ಧಿಯೇ! ನಾನು ಮಾಗಡಿಯವನು. ದಿನ ಬೆಳಗಾದರೆ 'ಹೋಗ್ಲಿ ಬುಡಿ', 'ಇರ್ಲಿ ಬುಡಿ' ಎನ್ನುವ ಮನೆಯಲ್ಲೇ ಬೆಳೆದವನು. ಬಿಡಿ ಎಂದರೆ ನಮ್ಮವರಿಗೆ ಅದರ ತಂಟೆಗೆ ಹೋಗಬೇಡಿ ಎಂದೇ ಅರ್ಥವಾಗುತ್ತದೆಂದು ಡಿಕ್ಷನರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿರಬೇಕಿತ್ತು.

ಅಷ್ಟರಲ್ಲಿ ಮ್ಯಾನೇಜರ್ ದಡದಡ ಇಳಿದು ಬಂದರು. "ಪ್ರೋಗ್ರಾಂದು ಏನಾದ್ರೂ ತೊಂದರೇನಾ?" ಎಂದು ನನ್ನನ್ನೇ ಕೇಳಿದರು.

ಬಿಡದಿಯ ಕೆಲಸ ಕಣ್ಮುಂದೆ ಬಂತು. "ಇಲ್ಲ ಸರ್" ಎಂದೆ. ಆಪರೇಟರ್ ನನ್ನ ಮುಖ ನೋಡಿದರು, ತಲೆ ತಗ್ಗಿಸಿದರು. ಸಂಜೆಗೆಲ್ಲ ಅವರನ್ನು ಲೋಡಿಂಗ್‌ಗೆ ಹಾಕಿದರು.

ಮಾರನೆಯ ದಿನವೇ ಆ ಪದ ಅಳಿಸಿ 'ತಟ್ಟೆ ಹೊರಗೆ ತೆಗೆಯಿರಿ' ಎಂದು ಬರೆದೆ. ಡಿಪ್ಲೊಮಾ ಓದಿದ ಹೊಸ ಆಪರೇಟರ್ ಬಂದ, ಒತ್ತಿದ, ತಟ್ಟೆಗಳು ಹೊರಬಂದವು. ಎಲ್ಲರೂ ನನ್ನ ಕೈ ಕುಲುಕಿದರು. ನನಗೆ ಮಾತ್ರ ಬಿಡದಿಗೆ ಹೋದರೂ ಚಡಪಡಿಕೆ, ಮಾಗಡಿಗೆ ಬಂದರೂ ಚಡಪಡಿಕೆ. ಊಟ ಮಾಡುತ್ತಾ ಎದ್ದುಬಿಡುತ್ತಿದ್ದೆ.

ತಿಂಗಳಾದ ಮೇಲೆ ಹಾರೋಹಳ್ಳಿಗೆ ಹೋದಾಗ ಹಳೆಯ ಆಪರೇಟರ್ ಲಾರಿಗೆ ಪೆಟ್ಟಿಗೆ ಏರಿಸುತ್ತಿದ್ದರು.

"ಅಣ್ಣ, ಅವತ್ತಿನ ತಪ್ಪು ನಂದು. ನಾನು ಬರೆದ ಪದ ಸರಿ ಇರಲಿಲ್ಲ" ಎಂದೆ.

ಅವರು ಪೆಟ್ಟಿಗೆ ಕೆಳಗಿಟ್ಟು ಟವಲಿನಿಂದ ಕತ್ತು ಒರೆಸಿಕೊಂಡರು.

"ನಂಗೇ ಓದಕ್ ಬರಾಕಿಲ್ಲ ಅಂತ ಮನೇಲೂ ಹೇಳ್ಬುಟ್ಟಿವ್ನಿ ಸಾ" ಎಂದರು. ಆಮೇಲೆ, "ಈ ಮಾತ್ನ ಅವತ್ತು ಮ್ಯಾನೇಜರ್ ಮುಂದೆ ಒಸಿ ಹೇಳಿದ್ರೆ ಆಗ್ತಿತ್ತಲ್ಲ" ಎಂದರು.

ಅಲ್ಲಿಂದಲೇ ಮೆಟ್ಟಿಲೇರಿ ಓಡಿದೆ. ಮ್ಯಾನೇಜರಿಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವರು ಬೈದಿದ್ದರೂ ಚೆನ್ನಾಗಿತ್ತು.

"ಆ ಜಾಗಕ್ಕೆ ಹೊಸ ಹುಡುಗನಿಗೆ ಇವತ್ತು ಬೆಳಿಗ್ಗೆ ಖಾಯಂ ಆರ್ಡರ್ ಕೊಟ್ವಲ್ರೀ" ಎಂದರು.

ಅಂಗಳದಲ್ಲಿ ಹಳೆಯ ಆಪರೇಟರ್ ಕೆಲಸ ನಿಲ್ಲಿಸಿ ಮೆಟ್ಟಿಲ ಕಡೆಗೇ ನೋಡುತ್ತಾ ನಿಂತಿರುವುದು ಮೇಲಿನ ಗಾಜಿನಿಂದ ಕಾಣುತ್ತಿತ್ತು. ನಾನು ಹಿಂದಿನ ಬಾಗಿಲಿನಿಂದ ಇಳಿದು ಬಸ್ಸು ಹತ್ತಿದೆ.