ಹೇಳದೆ ಬಿಟ್ಟ ಎರಡು ತಿಂಗಳು

ಶೇಂಗಾ ಹುರಿಯುತ್ತಿದ್ದೆ. ಹುಮನಾಬಾದಿನ ದವಾಖಾನೆಯಿಂದ ಸೊಸೆ ಮಹಾನಂದಾಳ ಫೋನು ಬಂತು. "ಅತ್ತೀ, ಮತ್ತ ಕ್ಯಾಮೆರಾ ಹಾಕಿ ನೋಡಿದ್ರು. ಈ ಸಲ ಗರ್ಭಚೀಲ ಸಾಫ್ ಅದ ಅಂತ." ನನ್ನ ಕೈ ನಿಂತಿತು, ಶೇಂಗಾ ಒಂದು ಮಗ್ಗುಲು ಕಪ್ಪಾಯಿತು. ಆ ಕರಕು ವಾಸನೆಯಲ್ಲೇ ಕೂತು ನಿಮಗಿದನ್ನು ಹೇಳುತ್ತಿದ್ದೇನೆ.

ಅವಳು ಬಸವಕಲ್ಯಾಣಕ್ಕೆ ಸೊಸೆಯಾಗಿ ಬಂದು ಆರು ವರ್ಷ. ಮಕ್ಕಳಿಲ್ಲವೆಂದು ಹೋದ ವರ್ಷ ಹುಮನಾಬಾದಿನ ಡಾಕ್ಟರಮ್ಮನ ಹತ್ತಿರ ಹೋಗತೊಡಗಿದೆವು. ರಕ್ತ, ಸ್ಕ್ಯಾನು, ಮಗನ ತಪಾಸಣೆ ಎಲ್ಲ ಸರಿ. ಹಾಗಾದರೆ ಕೊರತೆ ಎಲ್ಲಿ? ದೇವರ ಮೇಲೆ ಭಾರ ಹಾಕುವವಳು ನಾನು, ನಿಜ. ಆದರೆ ಮುಚ್ಚಿದ ಡಬ್ಬಿ ಕಂಡರೆ ತೆರೆದು ನೋಡದೆ ಸಮಾಧಾನವಿಲ್ಲ.

"ಒಳಗ ಸಣ್ಣ ಕ್ಯಾಮೆರಾ ಬಿಟ್ಟು ನೋಡೋಣ್ರಿ. ಸ್ಕ್ಯಾನಿಗೆ ಕಾಣದ್ದು ಇದ್ರ ಕಾಣ್ತದ" ಎಂದು ಡಾಕ್ಟರಮ್ಮ ಹೇಳಿದಾಗ ಎಲ್ಲರಿಗಿಂತ ಮೊದಲು ಹೂಂ ಅಂದವಳು ನಾನು. "ಮೊದಲು ಎಂದಾದ್ರೂ ಬಸಿರು ನಿಂತು ಆಮ್ಯಾಲ ಹೋಗಿತ್ತೇನ್ರಿ?" ಎಂದು ಕೇಳಿದಾಗ, ಸೊಸೆ ಬಾಯಿ ತೆರೆಯುವ ಮೊದಲೇ "ಇಲ್ರಿ" ಅಂದವಳೂ ನಾನೇ.

ನಮ್ಮಲ್ಲಿ ಮೂರು ತಿಂಗಳು ತುಂಬುವ ತನಕ ಬಸಿರಿನ ಸುದ್ದಿ ಹೊರಗೆ ಹಾಕುವುದಿಲ್ಲ, ದೃಷ್ಟಿಯಾಗುತ್ತದೆಂದು. ಮಹಾನಂದಾಳ ಬಸಿರು ಎರಡನೇ ತಿಂಗಳಿಗೇ ಹೋದದ್ದನ್ನು, ದವಾಖಾನೆಯಲ್ಲಿ ಗರ್ಭಚೀಲ ತೊಳೆಸಿದ್ದನ್ನು, ರಾಜೇಶ್ವರದ ಅವಳ ತವರಿಗೂ ನಾನು ಹೇಳಗೊಟ್ಟಿರಲಿಲ್ಲ. ಹೇಳದ ಬಸಿರು ಆಗಿಯೇ ಇಲ್ಲ ಎಂದುಕೊಂಡಿದ್ದೆ.

ಕ್ಯಾಮೆರಾದ ಫೋಟೊ ನನಗೂ ತೋರಿಸಿದರು. ಕೆಂಪನೆಯ ಪುಟ್ಟ ಕೋಣೆ. ಅಡ್ಡಡ್ಡ ಬಿಳಿ ಎಳೆಗಳು. ಬಿಸಿ ರೊಟ್ಟಿ ಒಂದರ ಮೇಲೊಂದು ಒಟ್ಟಿದರೆ ಅಂಟುತ್ತವಲ್ಲ, ಹಾಗೆ ಗೋಡೆಗಳು ಅಲ್ಲಲ್ಲಿ ಅಂಟಿದ್ದವು.

"ತೊಳೆಸಿದವರಿಗೆ ಒಮ್ಮೊಮ್ಮೆ ಹಿಂಗಾಗ್ತದ. ನೀವು ಇಲ್ಲ ಅಂದ್ರಿ" ಎಂದರು ಡಾಕ್ಟರಮ್ಮ.

"ಸುಳ್ಳ ಹೇಳಿದ್ನ್ರಿ. ತೊಳೆಸಿ ನಾಲ್ಕು ವರ್ಷ ಆತು."

ಅವರು ಬೈಯಲಿಲ್ಲ. ಎಳೆಗಳು ತೆಳ್ಳಗಿದ್ದವು, ಕ್ಯಾಮೆರಾ ಬಿಟ್ಟಾಗಲೇ ಕತ್ತರಿಸಿದ್ದರು. ದೇವರ ದಯೆ. ಮಂಚದ ಮೇಲಿದ್ದ ಮಹಾನಂದಾ ಮಾತ್ರ ಗೋಡೆ ಕಡೆ ತಿರುಗಿ ಅಂದಳು: "ಅತ್ತೀ, ಆ ಹೋದ ಬಸಿರಿಗೆ ನಾ ಒಂದು ದಿನಾನೂ ಅತ್ತಿಲ್ಲ. ಆಗೇ ಇಲ್ಲ ಅಂದಮ್ಯಾಲ ಹ್ಯಾಂಗ ಅಳ್ಲಿ?"

ತಲೆ ಸವರಿದೆ. ಅವಳು ಅತ್ತಳು, ನಾನೂ ಅತ್ತೆ.

ಮುಂದೆ ಬಸಿರು ನಿಲ್ಲುತ್ತದೆಂದು ಡಾಕ್ಟರಮ್ಮ ಮಾತು ಕೊಟ್ಟಿಲ್ಲ. ದಾರಿ ತೆರೆದಿದೆ ಅಂದಿದ್ದಾರೆ, ಅಷ್ಟೇ.

ಈಗಷ್ಟೇ ಪಕ್ಕದ ಮನೆಯ ಶಾಂತಾಬಾಯಿ ಇಣುಕಿದಳು. "ಸೊಸಿ ಫೋನೇನ ಅಕ್ಕಾ? ಆರು ವರ್ಷದಾಗ ಒಂದೂ ನಿಂತಿಲ್ಲ ನೋಡು ಪಾಪ."

"ನಿಂತಿತ್ತವ್ವಾ, ಒಂದು," ಅಂದೆ. "ಎರಡು ತಿಂಗಳದು. ಹೋಯ್ತು."

ನಾನು ಒಣಗಿದ ಬಟ್ಟೆ ತೆಗೆಯಲು ಮಾಳಿಗೆಗೆ ಹೊರಟೆ.