ಕಿವಿರು ಎತ್ತಿದ ಮೀನು

ಅಪ್ಪನಿಗೆ ಸಮುದ್ರ ಆಗಿಬರುವುದಿಲ್ಲ. ದೋಣಿ ಹತ್ತಿದರೆ ಸಾಕು, ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ. ಮೀನುಗಾರರ ಮನೆಯಲ್ಲಿ ಹುಟ್ಟಿದವನಿಗೆ ಇದಕ್ಕಿಂತ ಫಜೀತಿ ಬೇರೆ ಬೇಕೆ? ಅಜ್ಜ ಕೆಲವು ಸಲ ಕರೆದುಕೊಂಡು ಹೋಗಿ ನೋಡಿ, ಕೊನೆಗೆ ದಡದಲ್ಲೇ ಬಿಟ್ಟು ಹೋದನಂತೆ. ದಡದಲ್ಲಿ ಉಳಿದವನು ವೆಲ್ಡಿಂಗ್ ಕಲಿತ. ಹಳದೀಪುರದ ಹೈವೇ ಬದಿಯ ಶೆಡ್ಡಿನಲ್ಲಿ ಗೇಟು, ಕಿಟಕಿ ಸರಳು, ಬೋಟಿನ ಸವೆದ ಸಾಮಾನು ಎಲ್ಲ ಅವನ ಕೈಯಲ್ಲಿ ಸರಿಯಾಗುತ್ತವೆ. ಆದರೂ ಅವನಿಗೊಂದು ಕೊರಗು.

"ನಾ ಮಾಡ್ದದ್ದನ್ನ ಯಾರೂ ನಿಂತು ನೋಡೂದಿಲ್ಲ ಮಗಾ. ಗೇಟ್ ತೆಗದ್ರು, ಒಳಗೆ ಹೋದ್ರು, ಆತು."

ಹಾಗಾಗಿ ಭಟ್ಕಳದ ಸಾಹೇಬರೊಬ್ಬರು ಬಂದು, ತಮ್ಮ ಹೊಸ ಹೋಟೆಲಿನ ಎದುರಿಗೆ ಆಳೆತ್ತರದ ಸ್ಟೀಲಿನ ಮೀನೊಂದು ಬೇಕೆಂದಾಗ ಅಪ್ಪ ಹಿಂದೆಮುಂದೆ ನೋಡದೆ ಒಪ್ಪಿಕೊಂಡ. ಒಪ್ಪಿಕೊಂಡ ಮೇಲೆ ನನಗೆ ಫೋನು. ಕುಮಟಾದ ಶಾಲೆಯೊಂದರಲ್ಲಿ ನಾನು ಚಿತ್ರ ಕಲಿಸುತ್ತೇನೆ. "ನೀ ಗೀಚು, ನಾ ವೆಲ್ಡ್ ಹೊಡಿತೆ" ಎಂದ. ನನ್ನ ಚಿತ್ರಗಳನ್ನು ಅಪ್ಪ ಯಾವಾಗಲೂ ಗೀಚುವುದು ಎಂದೇ ಕರೆಯುತ್ತಾನೆ. ಸಿಟ್ಟು ಬಂತು, ಆದರೂ ಆ ಭಾನುವಾರವೇ ಬಸ್ಸು ಹತ್ತಿದೆ.

ಮಾದರಿಗೆಂದು ಮಾರ್ಕೆಟಿನಿಂದ ಒಳ್ಳೆಯ ಇಸ್ವಾಣ ಮೀನೊಂದನ್ನು ತಂದು ಹಲಗೆಯ ಮೇಲೆ ಮಲಗಿಸಿದೆವು. ನಾನು ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಅದನ್ನೇ ದೊಡ್ಡದಾಗಿ ಬರೆದೆ. ಅಪ್ಪ ಮೊಣಕಾಲೂರಿ ಬಾಲದಿಂದ ಬಾಯಿಯವರೆಗೆ ಅಳತೆ ಹಿಡಿದ. ಮಧ್ಯಾಹ್ನ ಮಾದರಿಯನ್ನು ಸಾರು ಮಾಡಿ ಉಂಡೆವು.

ಮೀನು ಭಾನುವಾರದಿಂದ ಭಾನುವಾರಕ್ಕೆ ಬೆಳೆಯಿತು. ಅಪ್ಪನ ತಾಯಿ, ನನ್ನ ಅಜ್ಜಿ, ಹೊನ್ನಾವರದ ಮಾರ್ಕೆಟಿನಲ್ಲಿ ಬುಟ್ಟಿ ಇಟ್ಟು ಮೀನು ಮಾರಿದವಳು. ಯಾವ ಮೀನು ಕಂಡರೂ ಮೊದಲು ಬೆರಳಿನಿಂದ ಕಿವಿರು ಎತ್ತಿ, ಒಳಗೆ ಕೆಂಪಿದೆಯೇ ಎಂದು ನೋಡುವುದು ಅವಳ ರೂಢಿ. ಅವಳನ್ನು ಮೆಚ್ಚಿಸಲೆಂದೇ ಅಪ್ಪ ಒಂದು ಕಡೆಯ ಕಿವಿರನ್ನು ಎತ್ತಿ ನಿಲ್ಲಿಸಿ, ಒಳಗೆ ತಾಮ್ರದ ತಗಡನ್ನು ಮಡಿಕೆ ಮಡಿಕೆಯಾಗಿ ಕೂರಿಸಿದ್ದ. ಅಜ್ಜಿ ಅದರೊಳಗೆ ಬೆರಳಿಟ್ಟು ನೋಡಿ ತಲೆಯಾಡಿಸಿದಳು.

"ಕೆಂಪಗದೆ. ತಾಜಾ ಮಾಲು."

ನಾವಿಬ್ಬರೂ ಉಬ್ಬಿಹೋದೆವು. ಮಾರನೆಯ ವಾರ ಸಾಹೇಬರು ಬಂದು ಮೀನಿಗೆ ಒಂದು ಸುತ್ತು ಹಾಕಿದರು. ಅಪ್ಪನಿಗೆ ನೋವಾಗಬಾರದೆಂಬ ಸಂಕೋಚ ಮುಖದಲ್ಲೇ ಕಾಣುತ್ತಿತ್ತು.

"ಕೆಲಸ ಬಹಳ ಚೆನ್ನಾಗಿದೆ. ಆದ್ರೆ ಇದು ಸತ್ತೋಗಿದೆಯಲ್ಲ? ಸತ್ತ ಮೀನು ನಮ್ಮ ಅಡುಗೆಮನೆಲೇ ಬೇಕಾದಷ್ಟು ಇರ್ತದೆ."

ಅವರು ಹೋದ ಮೇಲೆ ನಾವು ಮತ್ತೆ ನೋಡಿದೆವು. ಬಾಯಿ ತೆರೆದಿದೆ. ರೆಕ್ಕೆಗಳು ಮೈಗೆ ಅಂಟಿವೆ. ಮೈ ಹಲಗೆಯ ಮೇಲೆ ಮಲಗಿದಷ್ಟೇ ನೆಟ್ಟಗೆ. ಬುಟ್ಟಿಯಲ್ಲಿದ್ದದ್ದನ್ನು ಎತ್ತಿ ನಿಲ್ಲಿಸಿದ್ದೆವು, ಅಷ್ಟೆ. ನನಗೆ ಬೇಸರಕ್ಕಿಂತ ಆಶ್ಚರ್ಯವೇ ಹೆಚ್ಚಾಯಿತು. ಹುಟ್ಟಿದಾಗಿನಿಂದ ಮೀನನ್ನೇ ಕಂಡು, ಮೀನನ್ನೇ ತಿಂದು ಬೆಳೆದಿದ್ದೇವೆ. ಈಜುವಾಗ ಅದು ರೆಕ್ಕೆಯನ್ನು ಹೇಗೆ ಇಟ್ಟುಕೊಳ್ಳುತ್ತದೆ? ತಿರುಗುವಾಗ ಮೈ ಎಲ್ಲಿ ಬಾಗುತ್ತದೆ? ಇಬ್ಬರಿಗೂ ಗೊತ್ತಿಲ್ಲ. ಮೊಬೈಲಿನಲ್ಲಿ ವಿಡಿಯೊ ತೋರಿಸಿದೆ. ಅಪ್ಪ ಕೈಯಲ್ಲೇ ದೂಡಿದ.

"ಅದು ಯಾವ ದೇಶದ ಮೀನೋ ಎಂತದೋ. ನಂಗೆ ನಮ್ಮದೇ ನೋಡ್ಬೇಕು."

"ದೋಣಿ ಹತ್ಬೇಕಾತದೆ ಅಪ್ಪಾ."

"ಹತ್ತುವ. ನಿಮ್ಮಜ್ಜಿಗೆ ಹೇಳ್ಬೇಡ."

ನನ್ನ ಸೋದರಮಾವನ ದೋಣಿಯಲ್ಲಿ ಹೊರಟೆವು. ಶರಾವತಿಯ ಅಳಿವೆ ದಾಟುವ ಮೊದಲೇ ಅಪ್ಪನ ಮುಖ ಬಿಳುಚಿಕೊಂಡಿತು. ವಾಪಸ್ ಹೋಗುವ ಎಂದು ಮಾವ ಎಷ್ಟು ಹೇಳಿದರೂ ಕೇಳಲಿಲ್ಲ. ದೂರದ ಬಂಡೆಗಳ ಹತ್ತಿರ ನೀರು ತಿಳಿಯಾಗಿತ್ತು. ಮಾವ ಇಂಜಿನ್ ನಿಲ್ಲಿಸಿದ್ದೇ ತಡ, ಅಪ್ಪ ದೋಣಿಯ ಅಂಚಿಗೆ ಜೋತುಬಿದ್ದು ಬೆಳಗಿನ ಗಂಜಿಯನ್ನೆಲ್ಲ ಕಕ್ಕಿದ. ಬೀಳದಿರಲೆಂದು ನಾನು ಹಿಂದಿನಿಂದ ಅವನ ಅಂಗಿ ಹಿಡಿದುಕೊಂಡೆ. ಅವನು ತಲೆ ಎತ್ತಲೇ ಇಲ್ಲ. ನನಗೆ ಹೆದರಿಕೆಯಾಯಿತು.

"ಬಂತು ಮಗಾ! ಬಂತು!" ಎಂದು ಕೂಗಿದ.

ಗಂಜಿಯ ಅಗುಳಿಗೆ ಸಣ್ಣ ಮೀನುಗಳು ಮುತ್ತಿದ್ದವು. ಅವುಗಳ ಬೆನ್ನು ಹತ್ತಿ ಅಡಿಯಿಂದ ದೊಡ್ಡದೊಂದು ಮೇಲೆ ಬಂತು. ಇಡೀ ಮೈ ಬಿಲ್ಲಿನಂತೆ ಬಗ್ಗಿಸಿ ತಿರುಗಿತು. ಪಕ್ಕದ ರೆಕ್ಕೆ ಒಮ್ಮೆ ಅಗಲವಾಗಿ ತೆರೆದು ಮತ್ತೆ ಮಡಚಿಕೊಂಡಿತು.

"ಬಾಯಿ ಮುಚ್ಕಂಡದೆ ನೋಡು! ನೀ ಗೀಚು, ಬೇಗ ಗೀಚು!" ಅನ್ನುತ್ತಲೇ ಇನ್ನೊಮ್ಮೆ ಕಕ್ಕಿದ. ಬಾಯಿ ಒರೆಸಿಕೊಳ್ಳುವ ಪುರುಸೊತ್ತೂ ಇಲ್ಲದೆ ಮತ್ತೆ ನೀರಿಗೆ ಬಗ್ಗಿದ. ಅಪ್ಪನನ್ನು ಅಷ್ಟು ಖುಷಿಯಲ್ಲಿ ನಾನು ಎಂದೂ ಕಂಡಿರಲಿಲ್ಲ.

ಶೆಡ್ಡಿಗೆ ಮರಳಿ ಸ್ಟೀಲಿನ ಮೀನನ್ನು ತುಂಡು ತುಂಡಾಗಿ ಕತ್ತರಿಸಿ ಮತ್ತೆ ಜೋಡಿಸಿದೆವು. ನಾನು ಹೇಳಿದಲ್ಲಿ ಅವನು ಬಗ್ಗಿಸಿದ, ಅವನು ಸಾಲದು ಎಂದಲ್ಲಿ ನಾನು ಅಳಿಸಿ ಬರೆದೆ. ಕಿವಿರು ಮುಚ್ಚುವ ಮೊದಲು ಮಾತ್ರ ಅಪ್ಪ ಒಳಗಿನ ಮಡಿಕೆಗಳನ್ನು ಬಟ್ಟೆಯಿಂದ ಒಮ್ಮೆ ಒರೆಸಿದ. ಅಷ್ಟು ಮುತುವರ್ಜಿಯಿಂದ ಮಾಡಿದ ತಾಮ್ರದ ಕೆಲಸ ಇನ್ನು ಯಾರಿಗೂ ಕಾಣುವುದಿಲ್ಲ. ಆಮೇಲೆ ಮುಚ್ಚಿದ.

ಹೋಟೆಲು ತೆರೆದ ದಿನ ಸಾಹೇಬರು ನಮ್ಮೆಲ್ಲರನ್ನೂ ಊಟಕ್ಕೆ ಕರೆದಿದ್ದರು. ಒಳಗೆ ಹೋಗುವವರು ಮೀನಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅಪ್ಪ ದೂರದಲ್ಲಿ, ಯಾರದೋ ಕೆಲಸವೆಂಬಂತೆ ನಿಂತಿದ್ದ. ಅಜ್ಜಿ ನೇರ ಮೀನಿನ ಹತ್ತಿರ ಹೋಗಿ, ರೂಢಿಯಂತೆ ಕಿವಿರಿಗೆ ಬೆರಳು ಹಾಕಲು ನೋಡಿದಳು. ಅದು ಏಳಲಿಲ್ಲ. ಬೆರಳು ಹಿಂದಕ್ಕೆ ತೆಗೆದುಕೊಂಡು ಬಾಯಿ, ರೆಕ್ಕೆ, ಬಾಲ ಎಲ್ಲ ನೋಡಿದಳು.

"ಇದು ಇನ್ನೂ ಬಲೆಗೇ ಬೀಳ್ಲಿಲ್ಲ" ಎಂದಳು. "ನೀ ಎಲ್ಲಿ ಕಂಡೆ ತಮಾ?"

"ಸಮುದ್ರದಲ್ಲಿ" ಎಂದ ಅಪ್ಪ. "ದೋಣಿಲಿ ಹೋಗಿದ್ದೆ."

ಅಜ್ಜಿ ಮೀನನ್ನು ಬಿಟ್ಟು ಅಪ್ಪನನ್ನೇ ನೋಡುತ್ತ ನಿಂತಳು.